ದೇವಿಂದ್ರಪ್ಪ ಕಾಕಾ ಹೇಳಿದ್ದು, ನಾನು ಬರೆದದ್ದು

ಮೊನ್ನೆ ಯಾದಗಿರಿಯಿಂದ ಸುರಪುರಕ್ಕೆ ಹೊರಟವನು ಶಹಾಪುರ ದಾಟಿ ಕಾಲುವೆ ಸೇತುವೆ ಹತ್ತಿರ ಕಾರಿನ ಗಾಜು ಇಳಿಸಿದೆ. ಇಳಿಸಬಾರದಿತ್ತು. ಅವತ್ತೇ ಕಾಲುವೆಗೆ ನೀರು ಬಿಟ್ಟಿದ್ದರು. ಬೇಸಿಗೆಯಿಡೀ ಒಣಗಿ ಬಿದ್ದ ಕಾಲುವೆಯ ತಳಕ್ಕೆ ವರ್ಷದ ಮೊದಲ ನೀರು ಹರಿದಾಗ ಒಂದು ವಾಸನೆ ಏಳುತ್ತದೆ. ಕಾದ ಕಲ್ಲು, ಒಣಗಿದ ಪಾಚಿ, ಯಾರೋ ಎಸೆದ ಹಳೇ ಚಪ್ಪಲಿ, ಸತ್ತ ಏಡಿ, ಎಲ್ಲ ಒಟ್ಟಿಗೆ ನೆನೆದ ವಾಸನೆ. ಮಳೆ ಬಿದ್ದ ಮಣ್ಣಿನ ವಾಸನೆಗೆ ಎಲ್ಲರೂ ಕಣ್ಣು ಮುಚ್ಚಿ ಆಹಾ ಅನ್ನುತ್ತಾರೆ. ಇದಕ್ಕೆ ಮೂಗು ಮುಚ್ಚುತ್ತಾರೆ. ನಾನು ಎರಡೂ ಮಾಡದೆ ಗಾಡಿ ಬದಿಗೆ ಹಾಕಿ ಸುಮ್ಮನೆ ಕೂತೆ.

ಈ ವಾಸನೆಯೊಳಗೇ ನಾನು ನೌಕರಿಗೆ ಸೇರಿದ್ದು. ಇರಾಕಿನವರು ಕುವೈತಿಗೆ ನುಗ್ಗಿದ ವರ್ಷ ಅದು. ಆಗ ಯಾದಗಿರಿ ಜಿಲ್ಲೆ ಆಗಿರಲಿಲ್ಲ, ನಮಗೆಲ್ಲ ಗುಲ್ಬರ್ಗವೇ ಜಿಲ್ಲೆ. ನಾನು ಸುರಪುರದವನು, ವಯಸ್ಸು ಇಪ್ಪತ್ತೆರಡು. ಮೀಸೆ ಹೊಸದು, ನೌಕರಿ ಅದಕ್ಕಿಂತ ಹೊಸದು. ದೊಡ್ಡ ಕಾಲುವೆಯಿಂದ ಹಳ್ಳಿಗಳ ಕಡೆಗೆ ಉಪಕಾಲುವೆ ಕವಲೊಡೆಯುವ ಜಾಗದಲ್ಲಿ ಒಂದು ಗೇಟು, ಗೇಟಿನ ಪಕ್ಕ ಒಂದು ಖೋಲಿ, ಖೋಲಿಯೊಳಗೆ ಇಲಾಖೆಯ ಒಂದು ಕರೀ ಫೋನು. ನೀರು ಎಷ್ಟು ಎತ್ತರಕ್ಕೆ ಹರಿಯುತ್ತಿದೆ ಅಂತ ಗುರುತಿನ ಕಲ್ಲು ನೋಡಿ ದಿನಕ್ಕೆ ಮೂರು ಸಲ ಬರೆದಿಡುವುದು, ಫೋನಿನಲ್ಲಿ ಇಲಾಖೆಯ ಕ್ಯಾಂಪ್ ಆಫೀಸಿಗೆ ಹೇಳುವುದು. ಇಷ್ಟೇ ನನ್ನ ಕೆಲಸ. ಉಳಿದ ಹೊತ್ತು ಕಾಲುವೆ ಏರಿಯ ಮೇಲೆ ಕೂತು ನನ್ನ ಮೇಲೆ ನಾನೇ ಮರುಗುತ್ತಿದ್ದೆ. ಡಿಗ್ರಿ ಆಗಿತ್ತು, ಹಿಂದಿ ಪರೀಕ್ಷೆಗಳನ್ನು ಒಂದಾದ ಮೇಲೊಂದು ಪಾಸು ಮಾಡಿದ್ದೆ, ಪದಕವೂ ಬಂದಿತ್ತು. ಅಂಥವನು ಏಡಿ ನೋಡುತ್ತಾ ಕೂತಿದ್ದೇನಲ್ಲ ಅಂತ.

ಗೇಟನ್ನು ಎತ್ತಿ ಇಳಿಸುವವರು ದೇವಿಂದ್ರಪ್ಪ ಕಾಕಾ. ರಿಟೈರ್ ಆಗಲು ಎರಡು ಮೂರು ವರ್ಷ ಉಳಿದಿತ್ತು. ಕಾಲುವೆ ತೋಡುವಾಗ ಅವರು ಬಂಡೆಗೆ ಮದ್ದು ಇಟ್ಟು ಸಿಡಿಸುವ ಗುಂಪಿನಲ್ಲಿದ್ದವರು. ನೀರು ಬಂದ ಮೇಲೆ ಗೇಟು ಕಾಯಲು ಹಾಕಿದರು. ಮೊದಲು ಸಿಡಿಮದ್ದಿನ ಸದ್ದು, ಆಮೇಲೆ ಹಗಲೂ ರಾತ್ರಿ ಗೇಟಿನ ಕೆಳಗೆ ಭೋರ್ಗರೆಯುವ ನೀರು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಒಂದೆರಡು ವರ್ಷದಲ್ಲಿ ಹೋಗುತ್ತದೆ ಅಂತ ಗುಲ್ಬರ್ಗದ ಡಾಕ್ಟರರು ಹೇಳಿ ಕಳಿಸಿದ್ದರು.

ಅಂಥ ಮನುಷ್ಯನಿಗೆ ಇದ್ದ ಒಂದೇ ಹುಚ್ಚು ರೇಡಿಯೋ.

ಹಾಡಿಗಲ್ಲ. ಅವರು ಕೇಳುತ್ತಿದ್ದದ್ದು ಪರದೇಶದ ಒಂದು ಸ್ಟೇಷನ್ನಿನ ಹಿಂದಿ ಸುದ್ದಿ. ನಿಜಾಮರ ಕಾಲದಲ್ಲಿ ಎರಡು ವರ್ಷ ಉರ್ದು ಶಾಲೆಗೆ ಹೋದವರು, ಹಿಂದಿ ಮಾತು ತಿಳಿಯುತ್ತಿತ್ತು, ಓದಲು ಬರೆಯಲು ಬರುತ್ತಿರಲಿಲ್ಲ. ಸಂಜೆಯಾದರೆ ಸೇತುವೆ ಬದಿಯ ಮಹಬೂಬನ ಹೋಟೆಲಿಗೆ ರೇಡಿಯೋ ಬಗಲಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಅದನ್ನು ಬೋರಲು ಹಾಕಿದ ತಾಮ್ರದ ಕೊಡದ ಮೇಲೆ ಇಟ್ಟು, ಬಲಗಿವಿ ಆನಿಸಿ, ಅಂಗೈ ಅದರ ಮೈಮೇಲೆ ಇಟ್ಟು ಕೂಡುತ್ತಿದ್ದರು. ಕೈಗೂ ಸ್ವಲ್ಪ ಕೇಳುತ್ತದೆ ಅನ್ನುತ್ತಿದ್ದರು. ನಾವು ನಗುತ್ತಿದ್ದೆವು.

ಸುದ್ದಿ ಮುಗಿದ ಮೇಲೆ ಅಭಿಪ್ರಾಯಗಳು ಶುರು. ಈ ಮನುಷ್ಯನಿಗೆ ಅಭಿಪ್ರಾಯ ಇಲ್ಲದ ವಿಷಯವೇ ಇರಲಿಲ್ಲ. ಚಹಾ ಬಸಿಯಲ್ಲಿ ಸುರಿದು ಕುಡಿಯಬೇಕು, ಕಪ್ಪಿಗೇ ಬಾಯಿ ಹಚ್ಚುವವನು ಎಲ್ಲೋ ಓಡಿಹೋಗುವ ತಯಾರಿಯಲ್ಲಿದ್ದಾನೆ ಅಂತ ತಿಳಿಯಬೇಕು. ಕೇರಂ ಆಡುವುದು ತಪ್ಪಲ್ಲ, ಆದರೆ ಆಡುವಾಗ ಪೌಡರ್ ಹಾಕುವುದು ಮೋಸ. ಮೀನು ಹಿಡಿಯಲು ಗಾಳ ಹಾಕಿ ಕೂಡುವವನು ಸೋಮಾರಿ ಅಲ್ಲ, ಅವನು ಮಾತ್ರ ಈ ಊರಲ್ಲಿ ವಿಚಾರ ಮಾಡುವವನು. ಅಮೆರಿಕದ ದೊರೆಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ, ಇರಾಕಿನ ದೊರೆಗೆ ಇದ್ದಾರೆ ಆದರೆ ಹೆದರುತ್ತಾರೆ. ಇನ್ನು ಅನ್ನದ ವಿಷಯ ಬಂದರೆ ಮುಗಿಯಿತು.

ಕಾಲುವೆ ಬಂದು ಆಗಲೇ ಕೆಲವು ವರ್ಷ ಆಗಿತ್ತು. ಜೋಳ, ಸಜ್ಜೆ, ತೊಗರಿ ಇದ್ದ ಕರೀ ಹೊಲಗಳೆಲ್ಲ ಒಂದೊಂದೇ ಗದ್ದೆ ಆಗುತ್ತಿದ್ದವು. ಆಂಧ್ರದ ಕಡೆಯಿಂದ ಬಂದವರು ಕ್ಯಾಂಪು ಕಟ್ಟಿಕೊಂಡು ಭತ್ತ ಬೆಳೆಯುವುದನ್ನು ನಮ್ಮವರಿಗೂ ತೋರಿಸಿದ್ದರು. ಮೊದಲು ಹಬ್ಬಕ್ಕೆ, ಜ್ವರಕ್ಕೆ ಮಾಡುತ್ತಿದ್ದ ಅನ್ನ ಈಗ ಸಂಜೆಗೊಂದು ಸಲ ಎಲ್ಲರ ಮನೆಯಲ್ಲೂ ಬೇಯತೊಡಗಿತ್ತು. ಆ ಭತ್ತಕ್ಕೆಲ್ಲ ನೀರು ಬಿಡುವವರು ದೇವಿಂದ್ರಪ್ಪ ಕಾಕಾ. ಆದರೆ ಅನ್ನ ಮಾತ್ರ ತುತ್ತೂ ಮುಟ್ಟುತ್ತಿರಲಿಲ್ಲ.

ಮಹಬೂಬ ಬೇಕೆಂತಲೇ ಕೆಣಕುತ್ತಿದ್ದ. ಅವನು ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಬಾಯಿ ಬಹಳ ಹರಿತ.

"ಕಾಕಾ, ನೀರು ನೀವೇ ಬಿಡ್ತೀರಿ, ಅನ್ನ ಬ್ಯಾಡ ಅಂತೀರಿ. ಹೆಂಡದಂಗಡಿ ಮಾಲಕ ಕುಡಿಯಾಂಗಿಲ್ಲಂತಲ್ಲ, ಹಂಗಾತು ನೋಡ್ರಿ."

"ಅನ್ನ ಹೊಟ್ಟಿಗಿ ಹೋಗಿ ಕೂಡಾಂಗಿಲ್ಲೋ ಮಹಬೂಬ. ಬೀಗರು ಬಂದಂಗ ಬರ್ತದ, ಚಹಾ ಕುಡದು ಹೋಗಿಬಿಡ್ತದ," ಅನ್ನುತ್ತಿದ್ದರು ಕಾಕಾ. ಅಷ್ಟು ಹೇಳಿ ಮಿರ್ಚಿ ಭಜಿ ಮುರಿದು ನನ್ನ ಕೈಗೂ ಒಂದು ಚೂರು ಇಡುತ್ತಿದ್ದರು.

ಆ ಸ್ಟೇಷನ್ನಿನಲ್ಲಿ ಭಾನುವಾರ ಸಂಜೆ ಕೇಳುಗರ ಪತ್ರ ಓದುತ್ತಿದ್ದರು. ಯಾವ ಯಾವುದೋ ಊರಿನ ಹೆಸರುಗಳು ಬರುತ್ತಿದ್ದವು, ಬಿಹಾರ, ರಾಜಸ್ಥಾನ. ನಮ್ಮ ಕಡೆಯದು ಒಂದೂ ಇಲ್ಲ. ಕಾಕಾ ಕೂಡ ಬರೆಸಿದ್ದರು, ಮೊದಲಿದ್ದ ಒಬ್ಬ ಮಾಸ್ತರರ ಕೈಯಿಂದ. ಉತ್ತರವಾಗಿ ಬಂದದ್ದು ಚಿತ್ರದ ಕಾರ್ಡುಗಳು ಮಾತ್ರ. ಹಿಮದ ಬೆಟ್ಟ, ಒಂದು ಗಡಿಯಾರದ ಗೋಪುರ, ಕೆಂಪು ಹೂವಿನ ತೋಟ. ಅವನ್ನೆಲ್ಲ ಗೇಟಿನ ಖೋಲಿಯ ಗೋಡೆಗೆ ಅನ್ನದ ಗಂಜಿಯಿಂದ ಅಂಟಿಸಿದ್ದರು. ಅನ್ನದಿಂದ ಆಗುವ ಉಪಯೋಗ ಅದೊಂದೇ ಅಂತ ಅವರ ವಾದ. ಮಾಸ್ತರರಿಗೆ ವರ್ಗ ಆಗಿ ಪತ್ರ ನಿಂತುಹೋಗಿತ್ತು.

ನನಗೆ ಹಿಂದಿ ಬರುತ್ತದೆ ಅಂತ ಗೊತ್ತಾದ ದಿನ ಅವರ ಮುಖ ನೋಡಬೇಕಿತ್ತು. ಮನೆಗೆ ಕರೆದುಕೊಂಡು ಹೋದರು. ಗೇಟಿನ ಹಿಂದೆಯೇ ಇಲಾಖೆಯ ಎರಡು ಖೋಲಿಯ ಮನೆ. ಅವರ ಹೆಂಡತಿ ಭೀಮಬಾಯಿ ಕಾಕಿ ರೊಟ್ಟಿ ಬಡಿಯುತ್ತಿದ್ದರು. ಕಾಕಾ ಅಡುಗೆಮನೆಯ ಗೋಡೆಗೆ ಬೆನ್ನು ಹಚ್ಚಿ ಕೂತರು. ಯಾವಾಗಲೂ ಅಲ್ಲೇ ಕೂಡುತ್ತಿದ್ದರು. ಅಲ್ಲೇ ಕೂತು ನನಗೆ ನೇರವಾಗಿ ಹೇಳಿದರು.

"ತಮ್ಮಾ, ಈ ಕಿವಿ ಪೂರಾ ಹೋಗೂದರೊಳಗ ಒಮ್ಮೆ ನನ್ನ ಹೆಸರು ಅದರಾಗ ಕೇಳಬೇಕು. ಬರೇ ಹೆಸರಲ್ಲ. ನಾ ಏನಂತೀನಿ ಅನ್ನೂದು. ನೀ ಬರಕೊಡು."

ಒಪ್ಪಂದ ಆಯಿತು. ನಾನು ಪತ್ರ ಬರೆಯಬೇಕು. ಮೇಲಿನವರಿಗೆ ಕಿವಿಯ ಸುದ್ದಿ ತಿಳಿದರೆ ಗೇಟಿನಿಂದ ತೆಗೆಯುತ್ತಾರೆ ಅಂತ ಅವರಿಗೆ ಹೆದರಿಕೆ ಇತ್ತು, ಆದ್ದರಿಂದ ಗೇಟಿನ ಫೋನು ಬಂದಾಗಲೂ ನಾನೇ ಎತ್ತಿ ಎಷ್ಟು ಇಂಚು ಎತ್ತಬೇಕು, ಎಷ್ಟು ಇಳಿಸಬೇಕು ಅಂತ ಬೆರಳಲ್ಲಿ ತೋರಿಸಬೇಕು. ಅದಕ್ಕೆ ಬದಲಾಗಿ ಎರಡು ಹೊತ್ತು ಕಾಕಿಯ ಕೈಯ ರೊಟ್ಟಿ. ನನ್ನ ಜೀವನದಲ್ಲಿ ಇದಕ್ಕಿಂತ ಒಳ್ಳೆಯ ಒಪ್ಪಂದ ನಾನು ಮಾಡಿಕೊಂಡಿಲ್ಲ. ಅದನ್ನು ಮುರಿದವನೂ ನಾನೇ.

ಮಧ್ಯಾಹ್ನ ಏರಿಯ ಮೇಲೆ ಬೇವಿನ ನೆರಳಲ್ಲಿ ಕೂತು ಕಾಕಾ ಹೇಳುತ್ತಿದ್ದರು. ಅವರ ಮಾತು ಓಡುತ್ತಿತ್ತು, ಅದಕ್ಕೆ ನಾನು ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಅವರು ಹೇಳಿದ ಹಾಗೇ ಕನ್ನಡದಲ್ಲಿ ಗೀಚಿಕೊಳ್ಳುತ್ತಿದ್ದೆ. ಆಮೇಲೆ ಪರದೇಶಕ್ಕೆ ಹೋಗುವ ನೀಲಿ ಕಾಗದದ ಮೇಲೆ ಹಿಂದಿಯಲ್ಲಿ ಇಳಿಸಬೇಕು. ಮೊದಲನೇ ಪತ್ರಕ್ಕೇ ನನ್ನ ಕೈ ನಿಂತಿತು. ಭಜಿ, ಬಸಿ, ಬೀಗರು. ಇದನ್ನು ಹಿಂದಿಯಲ್ಲಿ ಹೇಗೆ ಬರೆಯುವುದು? ಬರೆದರೂ ಅಲ್ಲಿ ಗಾಜಿನ ಕೋಣೆಯಲ್ಲಿ ಕೂತವರು ಓದಿ ನಗುವುದಿಲ್ಲವೇ? ಇವರು ಎಂಥ ಕಾಡು ಮಂದಿ ಅನ್ನುವುದಿಲ್ಲವೇ? ನಿಜ ಹೇಳುತ್ತೇನೆ, ನನಗೆ ಕಾಕಾನ ಮರ್ಯಾದೆಯ ಚಿಂತೆ ಇರಲಿಲ್ಲ. ಅಕ್ಷರ ನನ್ನದು, ಹಿಂದಿ ನನ್ನದು, ಪದಕ ನನ್ನದು. ನನ್ನ ಮರ್ಯಾದೆಯ ಚಿಂತೆ.

ಆದ್ದರಿಂದ ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಪ್ರಬಂಧದ ಹಿಂದಿಯಲ್ಲಿ ಬರೆದೆ. ಮಾನ್ಯರೇ, ತಮ್ಮ ಜ್ಞಾನವರ್ಧಕ ಕಾರ್ಯಕ್ರಮಗಳನ್ನು ನಾವು ದೂರದ ಹಳ್ಳಿಯ ಕೇಳುಗರು ತಪ್ಪದೆ ಆಲಿಸುತ್ತೇವೆ, ವಿಶ್ವಶಾಂತಿಗಾಗಿ ಪ್ರಾರ್ಥಿಸುತ್ತೇವೆ, ಇತ್ಯಾದಿ. ಕೆಳಗೆ ಅವರ ಹೆಸರು. ಓದಿ ಹೇಳು ಅಂದಾಗ ನೀಲಿ ಕಾಗದ ಮುಂದೆ ಹಿಡಿದುಕೊಂಡು, ಕನ್ನಡದಲ್ಲಿ ಅರ್ಥ ಹೇಳುವವನ ಹಾಗೆ, ತೊಡೆಯ ಮೇಲಿದ್ದ ನೋಟ್‌ಬುಕ್ಕಿನಿಂದ ಅವರದೇ ಮಾತು ಅವರಿಗೆ ಕೂಗಿ ಹೇಳಿದೆ. ಅವರು ತಲೆ ಆಡಿಸಿದರು. ಒಂದು ಕಡೆ ತಡೆದು, ಇದನ್ನ ಸ್ವಲ್ಪ ಗಟ್ಟಿಯಾಗಿ ಬರಿ ಅಂದರು. ಬರೆದಂತೆ ಮಾಡಿದೆ.

ದಸರೆ, ದೀಪಾವಳಿ ಕಳೆಯುವಷ್ಟರಲ್ಲಿ ಹೀಗೆ ಐದಾರು ಪತ್ರ ಹೋದವು. ಎರಡು ಕಾರ್ಡು ಬಂದವು. ಗೋಡೆಗೆ ಹತ್ತಿದವು.

ಸಂಕ್ರಾಂತಿ ಮುಗಿದ ಮೇಲೆ ಆಕಡೆ ನಿಜವಾದ ಯುದ್ಧ ಶುರುವಾಯಿತು. ಬಾಂಬು ಬೀಳುವುದನ್ನು ರೇಡಿಯೋದವರು ಕ್ರಿಕೆಟ್ ಸ್ಕೋರಿನ ಹಾಗೆ ಹೇಳುತ್ತಿದ್ದರು. ಇಷ್ಟು ವಿಮಾನ ಹೋದವು, ಇಷ್ಟು ಬಂದವು. ನಮ್ಮಲ್ಲಿ ಪೆಟ್ರೋಲಿಗೆ, ಸೀಮೆ ಎಣ್ಣೆಗೆ ಸಾಲು ಹತ್ತಿತು. ಅದೇ ಹೊತ್ತಿಗೆ ನಮ್ಮ ಉಪಕಾಲುವೆಯ ಮೇಲೂ ಗಲಾಟೆ. ಹಿಂಗಾರಿನ ನೀರು ಮೇಲಿನ ಹೊಲಗಳಿಗೇ ಮುಗಿದುಹೋಗುತ್ತದೆ, ನಮಗೆ ಬರುವುದಿಲ್ಲ ಅಂತ ಕಾಲುವೆಯ ಕೊನೆಯ ಹಳ್ಳಿಗಳವರು ಸಲಿಕೆ ಹಿಡಿದುಕೊಂಡು ಗೇಟಿಗೆ ಬಂದರು. ಮೇಲಿನ ಹೊಲದವರೂ ಬಂದರು. ನಾನು ಖೋಲಿಯ ಚಿಲಕ ಹಾಕಿಕೊಂಡು ಕ್ಯಾಂಪ್ ಆಫೀಸಿಗೆ ಫೋನು ಹಚ್ಚುತ್ತಿದ್ದೆ. ಕಾಕಾ ಗೇಟು ಎತ್ತಿ ಇಳಿಸುವ ಕಬ್ಬಿಣದ ಹ್ಯಾಂಡಲ್ ಕಳಚಿ ಮಡಿಲಲ್ಲಿ ಇಟ್ಟುಕೊಂಡು ಎರಡೂ ಗುಂಪಿನ ನಡುವೆ ನೆಲದ ಮೇಲೆ ಕೂತುಬಿಟ್ಟರು. ಯಾರು ಏನು ಬೈದರೂ ಅವರಿಗೆ ಕೇಳಿಸುತ್ತಿರಲಿಲ್ಲ, ಅದೇ ಒಳ್ಳೆಯದಾಯಿತು. ಬೈದು ಬೈದು ಸಾಕಾಗಿ ಎರಡೂ ಕಡೆಯವರು ಕೂತರು. ಮಹಬೂಬ ಚಹಾ ತಂದ. ಸಂಜೆಯೊಳಗೆ ಮೂರು ದಿನ ಮೇಲೆ, ಮೂರು ದಿನ ಕೆಳಗೆ ಅಂತ ಮಾತಾಯಿತು.

ಮರುದಿನ ಕಾಕಾ ಹೇಳಿದ ಪತ್ರ ಎಲ್ಲಕ್ಕಿಂತ ಉದ್ದವಾಗಿತ್ತು. ಯುದ್ಧದ ಬಗ್ಗೆ, ಹ್ಯಾಂಡಲಿನ ಬಗ್ಗೆ, ರೊಟ್ಟಿಯ ಬಗ್ಗೆ. ಎರಡು ದಿನ ವಿಚಾರ ಮಾಡಿ ಹೇಳಿದರು. ನಡುವೆ ಎದ್ದು ಹೋಗಿ ಗೇಟಿನ ಮೇಲೆ ನಿಂತು ಮತ್ತೆ ಬಂದು ಹೇಳಿದರು. ನೋಟ್‌ಬುಕ್ಕಿನಲ್ಲಿ ಎಲ್ಲ ಗೀಚಿಕೊಂಡೆ. ನೀಲಿ ಕಾಗದದ ಮೇಲೆ ವಿಶ್ವಶಾಂತಿ ಬರೆದೆ. ಈ ಸಲ ಬುದ್ಧನ ಹೆಸರನ್ನೂ ಸೇರಿಸಿದೆ, ತೂಕ ಬರಲಿ ಅಂತ.

ಅದನ್ನು ರೇಡಿಯೋದಲ್ಲಿ ಓದಿಬಿಟ್ಟರು.

ಭಾನುವಾರ ಸಂಜೆ. ಯುದ್ಧ ಮುಗಿಯುತ್ತಾ ಬಂದಿತ್ತು. ಹೋಟೆಲಿನಲ್ಲಿ ಎಂಟು ಹತ್ತು ಮಂದಿ ಇದ್ದರು. ನಾನು ಮಂಡಕ್ಕಿ ನೆನೆಸಿ ಮಾಡಿದ ಸುಸ್ಲಾ ತಿನ್ನುತ್ತಿದ್ದೆ. ರೇಡಿಯೋ ಖರಖರ ಅನ್ನುತ್ತಿತ್ತು. ಒಬ್ಬ ಹೆಣ್ಣುಮಗಳು ಗಡಿಬಿಡಿಯಲ್ಲಿ ಪತ್ರಗಳನ್ನು ಓದುತ್ತಿದ್ದಳು, ಒಂದರ ಬೆನ್ನಿಗೆ ಒಂದು. ಇದ್ದಕ್ಕಿದ್ದ ಹಾಗೆ ಕರ್ನಾಟಕ ಅಂದಳು, ಶಹಾಪುರ ಅನ್ನುವುದನ್ನು ಶಾಹಪೂರ್ ಅಂದಳು, ದೇವೇಂದ್ರಪ್ಪಾಜೀ ಅಂದಳು. ನನ್ನ ಪ್ರಬಂಧದ ನಾಲ್ಕು ಸಾಲು ಓದಿ ಧನ್ಯವಾದ ಹೇಳಿ ಮುಂದಿನ ಪತ್ರಕ್ಕೆ ಹೋದಳು. ಒಂದು ಬಸಿ ಚಹಾ ಆರುವಷ್ಟು ಹೊತ್ತೂ ಆಗಲಿಲ್ಲ.

ಕಾಕಾನ ಕೈ ರೇಡಿಯೋ ಮೇಲೆಯೇ ಇತ್ತು. ಹೆಸರು ಸಿಕ್ಕಿತ್ತು, ಮುಖ ಅರಳಿತ್ತು. ಉಳಿದದ್ದು ಸಿಕ್ಕಿರಲಿಲ್ಲ. ನಮ್ಮೆಲ್ಲರ ಬಾಯಿ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಷ್ಟ್ಯಾಕ ಗಡಬಡಿ ಓದಿದ್ರು? ಹ್ಯಾಂಡಲಿನ ಮಾತು ಬಂತೇನು?"

ಹೋಟೆಲಿನಲ್ಲಿ ಹಿಂದಿ ಪೂರ್ತಿ ತಿಳಿದವರು ಇಬ್ಬರೇ, ನಾನು ಮತ್ತು ಮಹಬೂಬ. ಅವನು ಚಹಾ ಸೋಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಅವರ ಬಲಗಿವಿಯ ಹತ್ತಿರ ಬಾಯಿ ಒಯ್ದು, ಬಂತು ಕಾಕಾ, ಎಲ್ಲ ಬಂತು ಅಂದೆ.

"ರೊಟ್ಟಿದು?"

"ಅದೂ ಬಂತ್ರಿ."

"ನಕ್ಕರೇನು?"

"ಇಲ್ರಿ. ಖರೇ ಅದ ಅಂದ್ರು."

ಅವರು ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. ಹತ್ತು ಮಂದಿಗೂ ಚಹಾ ಹೇಳಿದರು. ಆ ವಾರ ಅವರು ನಡೆದದ್ದೇ ಬೇರೆ ಥರ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ, ಹೊಲ ಇಲ್ಲದವನ ಕೈಯಲ್ಲಿ ಹ್ಯಾಂಡಲ್ ಇರಬೇಕು ಅನ್ನುವ ಮಾತನ್ನು ಪರದೇಶದವರು ಒಪ್ಪಿದ್ದಾರೆ ಅಂತ ಹೇಳುತ್ತಿದ್ದರು. ಕ್ಯಾಂಪ್ ಆಫೀಸಿನ ಇಂಜಿನಿಯರ್ ಸಾಹೇಬರಿಗೂ ಹೇಳಿದರು. ಅವರು ನಕ್ಕು ಬೆನ್ನು ತಟ್ಟಿದರಂತೆ. ಕಾಕಿ ಅವತ್ತು ಹೋಳಿಗೆ ಮಾಡಿದ್ದರು. ನನಗೆ ನಾಲ್ಕು ಬಡಿಸಿದರು. ತಿಂದೆ. ನಾಚಿಕೆ ಇಲ್ಲದೆ ತಿಂದೆ.

ಮಹಬೂಬ ಒಂದೇ ಮಾತು ಅಂದ, ಅದೂ ಎಂಟು ದಿನ ಬಿಟ್ಟು, ಗ್ಲಾಸು ತೊಳೆಯುತ್ತಾ. "ಬುದ್ಧನ ಮಾತು ಚಲೋ ಇತ್ತು. ನಿಮ್ಮ ಹೆಸರು ಹಾಕಿ ಬರೀಬೇಕಾಗಿತ್ತು."

ಯುಗಾದಿ ಮುಗಿದ ಮೇಲೆ ತಂಗಿಯ ನಿಶ್ಚಯ ಅಂತ ನಾನು ಸುರಪುರಕ್ಕೆ ಹೋಗಿ ಒಂದು ವಾರ ಇದ್ದೆ. ಅಷ್ಟರಲ್ಲಿ ಸ್ಟೇಷನ್ನಿನವರಿಂದ ಒಂದು ದಪ್ಪ ಲಕೋಟೆ ಬಂತು. ಕೇಳುಗರಿಗಾಗಿ ಅವರು ತೆಗೆಯುವ ಹಿಂದಿ ಪುಸ್ತಿಕೆ. ರೇಡಿಯೋದಲ್ಲಿ ಓದಿದ ಪತ್ರವನ್ನು ಅದರಲ್ಲಿ ಪೂರ್ತಿ ಅಚ್ಚು ಮಾಡಿದ್ದರು, ಕೆಳಗೆ ಕಾಕಾನ ಹೆಸರು, ಊರು. ಮುಂದಿನದೆಲ್ಲ ನಾನು ವಾಪಸು ಬಂದು ಬಸ್ಸಿಳಿದ ಕೂಡಲೇ ಮಹಬೂಬ ನನಗೆ ಹೇಳಿದ್ದು. ಬಸ್ಸಿಗೆ ಕಾಯುತ್ತಾ ಶಹಾಪುರದ ಹೈಸ್ಕೂಲಿನ ಹಿಂದಿ ಮಾಸ್ತರರೊಬ್ಬರು ಹೋಟೆಲಿನಲ್ಲಿ ಕೂತಿದ್ದರು. ಕಾಕಾ ಅವರ ಮುಂದೆ ಪುಸ್ತಿಕೆ ಹಿಡಿದು, ಇದರಲ್ಲಿ ನನ್ನ ಮಾತು ಇದೆ, ಮಂದಿಗೆಲ್ಲ ಕೇಳುವಂತೆ ಓದಿ ಅಂದರು. ಮಾಸ್ತರರು ಪಾಪ, ಒಂದೊಂದೇ ಸಾಲು ಓದಿ, ಕನ್ನಡದಲ್ಲಿ ಅರ್ಥ ಮಾಡಿ, ಅವರ ಬಲಗಿವಿಗೆ ಕೂಗಿ ಹೇಳಿದರು. ಜ್ಞಾನವರ್ಧಕ. ದೂರದ ಹಳ್ಳಿ. ವಿಶ್ವಶಾಂತಿ. ಕಾಕಾ ಮುಂದೆ ಅಂದರು. ಮಾಸ್ತರರು ಇಷ್ಟೇ ಇದೆ ಅಂದರು. ಕಾಕಾ, ಹಾಳೆ ತಿರುವಿ ನೋಡಿ ಅಂದರು. ತಿರುವಿದರು. ಆಚೆ ಬದಿಗೆ ಬೇರೆ ಯಾರದೋ ಪತ್ರ ಇತ್ತು.

ನಾನು ವಾಪಸು ಬಂದ ದಿನ ಕಾಕಾ ಗೇಟಿನ ಮೇಲೆ ಹಲ್ಲುಗಾಲಿಗಳಿಗೆ ಗ್ರೀಸ್ ಹಚ್ಚುತ್ತಿದ್ದರು. ಬೈಯುತ್ತಾರೆ ಅಂತ ತಯಾರಾಗಿ ಹೋಗಿದ್ದೆ, ಬೈಸಿಕೊಂಡರೆ ಮುಗಿಯುತ್ತಿತ್ತು. ಅವರು ಕೈ ಒರೆಸಿಕೊಂಡು ನನ್ನ ಊರಿನ ಸುದ್ದಿ ಕೇಳಿದರು. ನಿಶ್ಚಯ ಆಯಿತೇ, ಹುಡುಗ ಏನು ಮಾಡುತ್ತಾನೆ ಅಂತ ಕೇಳಿದರು. ಆಮೇಲೆ ನೀರಿನ ಕಡೆ ನೋಡುತ್ತಾ ಅಂದರು.

"ತಮ್ಮಾ, ನನ್ನ ಮಾತು ಅಷ್ಟು ಕೆಟ್ಟಿದ್ವೇನು?"

ನಾನು ಏನೋ ಹೇಳಿದೆ. ಹಿಂದಿಯಲ್ಲಿ ಹಾಗೆ ಬರೆಯಲು ಬರುವುದಿಲ್ಲ ಅಂದೆ, ಅಲ್ಲಿಯವರಿಗೆ ತಿಳಿಯುವುದಿಲ್ಲ ಅಂದೆ. ಗೇಟಿನ ಕೆಳಗೆ ನೀರು ಭೋರ್ಗರೆಯುತ್ತಿತ್ತು, ನಾನು ಮೆಲ್ಲಗೆ ಹೇಳುತ್ತಿದ್ದೆ. ಅವರಿಗೆ ಕೇಳಿರಲಿಕ್ಕಿಲ್ಲ. ಕೇಳಲಿ ಅಂತ ನಾನು ಹೇಳಿರಲೂ ಇಲ್ಲ.

ಅವತ್ತಿನಿಂದ ಅವರು ಹೋಟೆಲಿಗೆ ಬಂದರೂ ಅಭಿಪ್ರಾಯ ಹೇಳುವುದನ್ನು ಬಿಟ್ಟರು. ಮಂದಿ, ಪಾಪ ಕಿವಿ ಪೂರ್ತಿ ಹೋಯಿತು ಅಂತ ತಿಳಿದುಕೊಂಡರು. ಮಹಬೂಬ ಬೇಕೆಂತಲೇ ಚಹಾವನ್ನು ಕಪ್ಪಿನಲ್ಲೇ ಕೊಟ್ಟು ಬಸಿ ಕೊಡದೆ ಇಟ್ಟ. ಏನಾದರೂ ಅನ್ನಲಿ ಅಂತ. ಕಪ್ಪಿಗೇ ಬಾಯಿ ಹಚ್ಚಿ ಕುಡಿದು ಎದ್ದು ಹೋದರು.

ಬೇಸಿಗೆಗೆ ಕಾಲುವೆ ಬಂದ್ ಆಯಿತು. ನನಗೆ ನಾರಾಯಣಪುರದ ಕಡೆಗೆ ವರ್ಗವಾಗಿ ಕಾಗದ ಬಂತು. ಹೋಗುವ ಮುಂಚೆ ಧೈರ್ಯ ಮಾಡಿ ನೋಟ್‌ಬುಕ್ಕು, ಹೊಸ ನೀಲಿ ಕಾಗದ ಹಿಡಿದುಕೊಂಡು ಅವರ ಹತ್ತಿರ ಹೋದೆ. ಒಣಗಿದ ಕಾಲುವೆಯ ಅಂಚಿಗೆ ಕಾಲು ಇಳಿಬಿಟ್ಟು ಕೂತಿದ್ದರು. ನೀರಿಲ್ಲದ ಕಾರಣ ಎಲ್ಲ ಸದ್ದಿಲ್ಲದೆ ಇತ್ತು, ನನ್ನ ಮಾತು ಅವರಿಗೆ ಕೇಳಿಸಿತು. ಈ ಸಲ ಒಂದಕ್ಷರ ಬಿಡದೆ ಬರೆಯುತ್ತೇನೆ, ನೀವು ಹೇಳಿದ್ದನ್ನೇ ಬರೆಯುತ್ತೇನೆ ಅಂದೆ.

ಅವರು ನೀಲಿ ಕಾಗದ ಇಸಿದುಕೊಂಡು, ಮಡಿಚಿ, ನನ್ನ ಕೈಗೇ ವಾಪಸು ಇಟ್ಟರು. ಸಿಟ್ಟಿನಿಂದಲ್ಲ, ಲೆಕ್ಕದ ಮಾತು ಹೇಳುವ ಹಾಗೆ ಹೇಳಿದರು.

"ಬ್ಯಾಡ. ನನ್ನ ಹೆಸರಲೇ ಒಂದು ಮಾತು ಹೋಗ್ಯದ. ಅವರು ಅಚ್ಚೂ ಹಾಕ್ಯಾರ. ಈಗ ಬ್ಯಾರೆ ಹೇಳಿದ್ರ, ಇಂವ ಎರಡು ನಾಲಿಗಿ ಮನಷ್ಯಾ ಅಂತಾರ."

ಯಾರೋ ಹೇಳಿದ ಮಾತನ್ನು ತನ್ನ ಹೆಸರು ಕೆಳಗಿದೆ ಅನ್ನುವ ಒಂದೇ ಕಾರಣಕ್ಕೆ ಉಳಿಸಿಕೊಳ್ಳಬೇಕು ಅಂತ ಅವರ ಲೆಕ್ಕ. ನೋಟ್‌ಬುಕ್ಕು ಮುಚ್ಚಿಕೊಂಡು ಎದ್ದು ಬಂದೆ.

ಕಾಕಿ ದಾರಿಗೆ ಅಂತ ಹತ್ತು ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿಯ ಪುಡಿ ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಅವರಿಗೆ ಪತ್ರದ ವಿಷಯ ಎಷ್ಟು ಗೊತ್ತಿತ್ತೋ ನನಗೆ ಗೊತ್ತಿಲ್ಲ. ಬಾಗಿಲ ತನಕ ಬಂದು ಹೇಳಿದ್ದು ಇಷ್ಟು.

"ನಿಮ್ಮ ಕಾಕಾಗ ಏನಾಗ್ಯದಪಾ? ಮೊದಲ ರೊಟ್ಟಿ ದಪ್ಪ ಆತು, ಸೀದು ಹೋತು ಅಂತ ದಿನಾ ಒಂದಂತಿದ್ರು. ಮೊನ್ನಿ ಹಿಟ್ಟು ಇರಲಿಲ್ಲಂತ ಅನ್ನ ಇಟ್ಟೆ. ಸುಮ್ಮ ಉಂಡು ಎದ್ರು."

ಕಾಕಾ ಅಡುಗೆಮನೆಯ ಗೋಡೆ ಬಿಟ್ಟು ಅಂಗಳದಲ್ಲಿ ಕೂತಿದ್ದರು. ಕೈ ಎತ್ತಿದರು. ನಾನೂ ಎತ್ತಿದೆ.

ಮತ್ತೆ ಹೋಗಲಿಲ್ಲ. ನಾರಾಯಣಪುರ ಎಷ್ಟು ದೂರ? ಬಸ್ಸಿನಲ್ಲಿ ಅರ್ಧ ದಿನವೂ ಇಲ್ಲ. ಮದುವೆ, ಮಕ್ಕಳು, ಬೇರೆ ಇಲಾಖೆ, ಹಾಗೇ ಉಳಿದುಹೋಯಿತು ಅಂತ ಬರೆಯಬಹುದು. ಸುಳ್ಳು. ಹೋಗಲು ಮುಖ ಇರಲಿಲ್ಲ, ಹೋಗಲಿಲ್ಲ.

ಮೊನ್ನೆ ಆ ವಾಸನೆಯಲ್ಲಿ ಗಾಡಿ ನಿಲ್ಲಿಸಿದವನು ಇಳಿದು ಹೋಟೆಲಿಗೆ ಹೋದೆ. ಈಗ ಅದು ಡಾಬಾ. ಫ್ರೈಡ್ ರೈಸ್, ಎಗ್ ರೈಸ್, ಜೀರಾ ರೈಸ್ ಅಂತ ಬೋರ್ಡು. ಸುತ್ತ ಕಣ್ಣು ಹಾಯುವಷ್ಟು ದೂರ ನಾಟಿಗೆ ಕಾದ ಗದ್ದೆ. ಗಲ್ಲಾಪೆಟ್ಟಿಗೆಯ ಹಿಂದೆ ಬಿಳಿ ಗಡ್ಡದ ಮಹಬೂಬ ಕೂತಿದ್ದ. ಗುರುತು ಹಿಡಿದ. ಚಹಾವನ್ನು ಕಪ್ಪಿನಲ್ಲಿ ಕೊಟ್ಟು, ಕೇಳದೆಯೇ ಒಂದು ಬಸಿ ಪಕ್ಕಕ್ಕೆ ಇಟ್ಟ.

ಕಾಕಾ ರಿಟೈರ್ ಆದ ಮೇಲೆ ನಾಲ್ಕೈದು ವರ್ಷ ಇದ್ದರಂತೆ. ಕಾಕಿ ಅವರಿಗಿಂತ ಮೊದಲೇ ಹೋದರಂತೆ. ಎರಡೂ ಕಿವಿ ಹೋದ ಮೇಲೂ ದಿನಾ ಸಂಜೆ ರೇಡಿಯೋ ತಂದು ಕೊಡದ ಮೇಲೆ ಇಡುತ್ತಿದ್ದರಂತೆ. ಸ್ಟೇಷನ್ ಹತ್ತಿದೆಯೋ ಇಲ್ಲವೋ ಅವರಿಗೆ ತಿಳಿಯುತ್ತಿರಲಿಲ್ಲ. ಎಷ್ಟೋ ದಿನ ಬರೀ ಖರ್ ಅನ್ನುತ್ತಿತ್ತಂತೆ. ಮಹಬೂಬ ಎದ್ದು ಹೋಗಿ ಮುಳ್ಳು ತಿರುವಿ ಮಾತು ಬರುವ ಕಡೆ ನಿಲ್ಲಿಸಿ ಬರುತ್ತಿದ್ದನಂತೆ. ಕೈ ಇಟ್ಟುಕೊಂಡು ಕೂಡುತ್ತಿದ್ದರು, ಅಷ್ಟೇ ಅಂದ.

ಹೊರಡುವಾಗ ಕೇಳಿದ. "ನೀವು ಈಗ ಮೊಬೈಲಿನಾಗ ಬಹಳ ಬರೀತೀರಂತ. ನಮ್ಮ ಹುಡುಗರು ಓದ್ತಾರ. ಈಗರ ಯಾರ ಮಾತು ಬರೀತೀರಿ?"

ಇಲ್ಲಿ ನನ್ನ ಪೋಸ್ಟು ಓದುವ ನಿಮಗೆಲ್ಲ ಗೊತ್ತೇ ಇದೆ. ಮಂಡಾಳು ಒಗ್ಗರಣೆಗೆ ಸಕ್ಕರೆ ಹಾಕುವವರ ಮೇಲೆ, ಯಾವ ದೇಶ ಯಾವ ದೇಶಕ್ಕೆ ಬಾಂಬು ಹಾಕಿದ್ದು ಸರಿ ಅನ್ನುವುದರ ಮೇಲೆ, ಆಟದ ಮೇಲೆ, ಊಟದ ಮೇಲೆ ನಾನು ಇಲ್ಲಿ ದಿನಾ ಒಂದು ಅಭಿಪ್ರಾಯ ಹಾಕುತ್ತೇನೆ. ನೀವು ಭೇಷ್ ಅನ್ನುತ್ತೀರಿ. ನೇರವಾಗಿ ಬರೆಯುತ್ತೀರಿ ಸರ್ ಅನ್ನುತ್ತೀರಿ.

ಮನೆಗೆ ಬಂದು ಟ್ರಂಕು ತೆಗೆದೆ. ನೋಟ್‌ಬುಕ್ಕು ಇತ್ತು. ಪೆನ್ಸಿಲಿನ ಅಕ್ಷರ ಮಾಸಿವೆ, ಓದಲು ಬರುತ್ತವೆ. ಕಾಕಾ ಬೇಡ ಅಂದಿದ್ದರು, ಗೊತ್ತು. ಎರಡು ನಾಲಿಗೆ ನನ್ನದು, ಅವರದಲ್ಲ ಅಂತ ಮಂದಿಗೆ ತಿಳಿಯಲಿ ಅಂತ ಹಾಕುತ್ತಿದ್ದೇನೆ. ಒಂದಕ್ಷರ ತಿದ್ದಿಲ್ಲ.

"ರೇಡಿಯೋದವರಿಗಿ ಶಹಾಪುರ ತಾಲ್ಲೂಕಿನ ಕಾಲುವಿ ಗೇಟಿನ ದೇವಿಂದ್ರಪ್ಪನ ಶರಣು. ನೀವು ದಿನಾ ಯುದ್ಧದ ಸುದ್ದಿ ಹೇಳಾಕತ್ತೀರಿ. ಎಷ್ಟು ವಿಮಾನ ಹಾರಿದ್ವು ಅಂತ ಹೇಳ್ತೀರಿ. ಅಲ್ಲಿ ಮಂದಿ ಏನು ಉಣ್ಣಾಕತ್ತಾರ ಅಂತ ಹೇಳಾಂಗಿಲ್ಲ. ಅದೊಂದು ಹೇಳ್ರಿ. ನಾ ಮದ್ದು ಇಟ್ಟು ಬಂಡಿ ಒಡದಾಂವ, ಬಾಂಬಿನ ಸಪ್ಪಳ ನನಗ ಗೊತ್ತದ. ಮೊದಲ ಕಿವಿ ಹೋಗ್ತದ, ಆಮ್ಯಾಲ ಹೆದರಿಕಿ ಹೋಗ್ತದ. ಹೆದರಿಕಿ ಹೋಗಬಾರದು.

ಜಗಳ ಯಾಕ ಬರ್ತಾವಂತ ನಾ ಹೇಳ್ತೀನಿ. ಮ್ಯಾಲಿನ ಹೊಲದಾಂವಗ ತನ್ನ ಮುಂದ ಹರಿಯೋ ನೀರೆಲ್ಲ ತನ್ನದೇ ಅನಸ್ತದ. ಕೆಳಗಿನಾಂವ ಸಿಟ್ಟಿಗಿ ತೂಬು ಒಡೀತಾನ. ಇಬ್ಬರೂ ಕೆಟ್ಟವರಲ್ಲ. ಗೇಟಿನ ಹ್ಯಾಂಡಲ್ ಹೊಲ ಇದ್ದಾಂವನ ಕೈಯಾಗ ಕೊಡಬಾರದು. ನಿಮ್ಮ ಕಡಿ ಎಣ್ಣಿ ಬೇಕಾದವರ ಕೈಯಾಗೇ ಹ್ಯಾಂಡಲ್ ಅದ. ಹೊಲ ಇಲ್ಲದಾಂವ ಒಬ್ಬನ್ನ ಹುಡುಕ್ರಿ. ನನಗ ಹೊಲ ಇಲ್ಲ.

ಇನ್ನೊಂದು. ದೊಡ್ಡ ಮಂದಿನ್ನ ಮಾತಿಗಿ ಕೂಡಸಿದಾಗ ಚಮಚ ಕೊಟ್ಟು ಅನ್ನ ನೀಡಬ್ಯಾಡ್ರಿ. ಬಿಸಿ ಜ್ವಾಳದ ರೊಟ್ಟಿ ಕೊಡ್ರಿ. ಮುರಿಯುವಾಗ ಕೈ ಸುಡತದ. ಕೈ ಸುಟ್ಟಾಂವ ಸ್ವಲ್ಪ ತಡೀತಾನ. ನಮ್ಮ ಮನ್ಯಾಗ ಭೀಮಬಾಯಿ ರೊಟ್ಟಿ ಬಡಿಯೋ ಸಪ್ಪಳ ನನಗ ಈಗ ಕೇಳಾಂಗಿಲ್ಲ. ಗ್ವಾಡಿಗಿ ಬೆನ್ನು ಹಚ್ಚಿದ್ರ ಗೊತ್ತಾಗ್ತದ.

ತಪ್ಪಿದ್ರ ತಿರುಗಿ ಹೇಳ್ರಿ, ಸಿಟ್ಟಿಗಿ ಬರಾಂಗಿಲ್ಲ. ಓದೋದಿದ್ರ ಒಂದು ವಿನಂತಿ ಅದ. ನನಗ ಬಲಗಿವಿ ಒಂದೇ ಉಳದದ, ಅದೂ ಹೊಂಟದ. ಸ್ವಲ್ಪ ಜೋರಾಗಿ ಓದ್ರಿ. ಸಾವಕಾಶ ಓದ್ರಿ."